ಮನೆಯಲ್ಲಿ ಏನಿದೆ? (2 ಅರಸುಗಳು 4:1-7)

ಯೌವನಸ್ಥರ ಕೂಟದ ಸಂದೇಶ, ನಿಡಗುಂದಿ

ಎಲ್ಲರೂ ಬೈಬಲ್ ತೆಗೀರಿ. ಎರಡನೇ ಅರಸುಗಳು, ನಾಲ್ಕನೇ ಅಧ್ಯಾಯ, ಮೊದಲ ಏಳು ವಚನ. ಫೋನಿನಲ್ಲಿ ಓದೋರು ಓದ್ರಿ, ಆದರೆ ನೋಟಿಫಿಕೇಶನ್ ಬಂದ್ ಮಾಡ್ರಿ. ರೊಕ್ಕದ ಸಂದೇಶದ ನಡುವೆ ಲೋನ್ ಆ್ಯಪಿನ ಮೆಸೇಜ್ ಬಂದರೆ ನನಗೂ ನಗು ಬರ್ತದ.

ಈ ವಿಧವೆಯ ಗಂಡ ಯಾರು? ಕುಡುಕ ಅಲ್ಲ, ಜೂಜುಗಾರ ಅಲ್ಲ. ಪ್ರವಾದಿಗಳ ಶಿಷ್ಯ. ದೇವರಿಗೆ ಭಯಪಡುವವನಾಗಿದ್ದ ಅಂತ ಹೆಂಡತಿಯೇ ಎಲೀಷನ ಮುಂದೆ ಹೇಳ್ತಾಳೆ. ಅಂಥವನು ಸತ್ತಾಗ ಮನೆಯಲ್ಲಿ ಉಳಿದದ್ದು ಸಾಲ. ಹಾಗಾದರೆ ಪ್ರಾರ್ಥನೆ ಮಾಡುವ ಮನೆಗೆ ಸಾಲ ಬರೋದಿಲ್ಲ ಅನ್ನೋ ಮಾತು ವಾಕ್ಯದಲ್ಲಿಲ್ಲ. ನಿಮ್ಮ ಮನೆಯಲ್ಲಿ ಸಾಲ ಇದ್ದರೆ ನಿಮ್ಮ ವಿಶ್ವಾಸ ಕಡಿಮೆ ಅಂತ ಯಾರಾದರೂ ಹೇಳಿದ್ದರೆ, ಅವರು ಈ ಅಧ್ಯಾಯ ಓದಿಲ್ಲ.

ಇನ್ನೊಂದು ಸಂಗತಿ ನೋಡ್ರಿ. ಸಾಲ ಮಾಡಿದ್ದು ಅಪ್ಪ. ಸಾಲಗಾರ ಬಂದು ಎಳೆದುಕೊಂಡು ಹೋಗಬೇಕು ಅಂತಿರೋದು ಇಬ್ಬರು ಮಕ್ಕಳನ್ನು. ಅದಕ್ಕೇ ಈ ವಾಕ್ಯವನ್ನು ಹಿರಿಯರ ಕೂಟಕ್ಕಿಂತ ಮೊದಲು ನಿಮ್ಮ ಕೂಟದಲ್ಲಿ ತೆಗೆದೆ. ‘ಮನೆ ವ್ಯವಹಾರ ಅಪ್ಪ ನೋಡ್ತಾರೆ, ನಂದು ಬೇರೆ’ ಅಂತ ಇಪ್ಪತ್ಮೂರು ವರ್ಷದ ಹುಡುಗ ಹೇಳ್ತಾನೆ. ಅವನ ಪಗಾರ ಬೈಕಿನ ಕಂತಿಗೆ ಹೋಗ್ತದ. ಅವ್ವನ ಗೃಹಲಕ್ಷ್ಮಿ ಎರಡು ಸಾವಿರದಲ್ಲಿ ಅವನ ಫೋನ್ ರಿಚಾರ್ಜ್ ಆಗ್ತದ. ಮನೆಯ ಒಟ್ಟು ಸಾಲ ಎಷ್ಟು ಅಂತ ಕೇಳಿದರೆ ಗೊತ್ತಿಲ್ಲ. ಬೇರೆ ಹೇಗಾಗ್ತದ, ಪ್ರಿಯರೇ?

ಎಲೀಷ ಏನು ಮಾಡಿದ? ಮೊದಲು ತಲೆ ಮೇಲೆ ಕೈ ಇಡಲಿಲ್ಲ. ಒಂದು ಪ್ರಶ್ನೆ ಕೇಳಿದ: ನಿನ್ನ ಮನೆಯಲ್ಲಿ ಏನಿದೆ? ಅಂದರೆ ಲೆಕ್ಕ ತೆಗೆ ಅಂತ. ಆಕೆ ಮೊದಲು ‘ಏನೂ ಇಲ್ಲ’ ಅಂತಾಳೆ, ಆಮೇಲೆ ಒಂದು ಪಾತ್ರೆ ಎಣ್ಣೆ ಇದೆ ಅಂತ ನೆನಪಾಗ್ತದ. ನಾವೂ ಹಾಗೇ. ಬರೆಯದೆ ಇದ್ದಾಗ ಇರೋದೂ ಕಾಣೋದಿಲ್ಲ, ಕೊಡಬೇಕಾದದ್ದೂ ಕಾಣೋದಿಲ್ಲ.

ನನ್ನದೇ ಸಾಕ್ಷಿ ಹೇಳ್ತೀನಿ. ಮದುವೆಯಾದ ಎರಡನೇ ವರ್ಷ ಒಂದು ದೊಡ್ಡ ಕೂಟಕ್ಕೆ ಹೋಗಿದ್ದೆ. ಬಿತ್ತಿದರೆ ನೂರರಷ್ಟು ಬೆಳೆಯುತ್ತೆ ಅಂತ ಪ್ರಸಂಗಿಗಳು ಹೇಳಿದರು. ನನ್ನ ಹತ್ತಿರ ಬಿತ್ತೋಕೆ ಏನೂ ಇರಲಿಲ್ಲ. ಅಲ್ಲೇ ಕುರ್ಚಿ ಮೇಲೆ ಕೂತು ಫೋನಿನಲ್ಲಿ ಹತ್ತು ಸಾವಿರ ಸಾಲ ತೆಗೆದು ಕಾಣಿಕೆ ಹಾಕಿದೆ. ಹೆಂಡತಿಗೆ ಹೇಳಲಿಲ್ಲ. ಆ ಸಾಲ ತೀರಿಸೋಕೆ ಇನ್ನೊಂದು, ಅದಕ್ಕೆ ಮತ್ತೊಂದು. ಕೊನೆಗೆ ವಸೂಲಿಯವರು ಆಕೆಯ ನಂಬರಿಗೇ ಫೋನ್ ಮಾಡಿದರು. ಆಕೆ ಬೈಯಲಿಲ್ಲ. ಕಿವಿಯ ಓಲೆ ಬಿಚ್ಚಿ ಮೇಜಿನ ಮೇಲಿಟ್ಟಳು. ಆವತ್ತು ನನಗೆ ನಾಚಿಕೆ ಬಂದದ್ದು ಸಾಲಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ.

ಆದ್ದರಿಂದ ಈ ವೇದಿಕೆಯಿಂದ ಸ್ಪಷ್ಟವಾಗಿ ಹೇಳ್ತೀನಿ: ಸಾಲ ತೆಗೆದು ಕಾಣಿಕೆ ತರಬೇಡ್ರಿ. ದಶಮಾಂಶ ದೇವರು ಕೊಟ್ಟದ್ದರಲ್ಲಿ ಕೊಡೋದು, ಸಾಲಗಾರ ಕೊಟ್ಟದ್ದರಲ್ಲಿ ಅಲ್ಲ. ಏಳನೇ ವಚನ ಮತ್ತೆ ನೋಡ್ರಿ. ಎಣ್ಣೆ ತುಂಬಿದ ಮೇಲೆ ಆಕೆ ಓಡಿ ಪೇಟೆಗೆ ಹೋಗಲಿಲ್ಲ. ವಾಪಸ್ ಬಂದು ದೇವರ ಮನುಷ್ಯನನ್ನು ಕೇಳಿದಳು. ಅವನು ಹೇಳಿದ ಕ್ರಮ ಇಷ್ಟೇ: ಎಣ್ಣೆ ಮಾರು, ಸಾಲ ಕೊಡು, ಉಳಿದದ್ದರಲ್ಲಿ ನೀನೂ ಮಕ್ಕಳೂ ಬದುಕ್ರಿ. ತನ್ನ ಪಾಲು ಕೇಳಲಿಲ್ಲ. ಅದ್ಭುತ ನಡೆದದ್ದು ಅವನ ಮಾತಿನಿಂದ, ಆದರೂ ಒಂದು ಬಟ್ಟಲು ಎಣ್ಣೆ ಇಸ್ಕೊಳ್ಳಲಿಲ್ಲ. ಸೇವಕರಾದ ನಾವು ಈ ವಚನದ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು.

ಈಗ ನಮ್ಮೂರಿನ ಮಾತಿಗೆ ಬರ್ತೀನಿ. ಆಲಮಟ್ಟಿ ಆಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸೋ ವಿಷಯ ನೀವು ಹುಟ್ಟಿದಾಗಿನಿಂದ ಕೇಳ್ತಾ ಇದ್ದೀರಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆ ಜಮೀನಿಗೆ ದರ ತೀರ್ಮಾನ ಮಾಡಿತು. ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಆವತ್ತಿನಿಂದ ಹೊಲ ಇರೋ ಮನೆಗಳಲ್ಲಿ ಒಂದು ಮಾತು ಶುರುವಾಗೈತಿ: ‘ಪರಿಹಾರ ಬಂದ ಮೇಲೆ ತೀರಿಸ್ತೀವಿ.’ ಆ ಮಾತಿನ ಮೇಲೆ ಬೈಕ್ ಬಂತು, ಐಫೋನ್ ಬಂತು, ಮದುವೆಗೆ ದೊಡ್ಡ ಪೆಂಡಾಲ್ ಬಂತು. ಪರಿಹಾರ ಇನ್ನೂ ಕೈಗೆ ಬಂದಿಲ್ಲ. ನೂರಕ್ಕೆ ಮೂರರ ಬಡ್ಡಿ ಮಾತ್ರ ಪ್ರತಿ ತಿಂಗಳು ತಪ್ಪದೆ ಬರ್ತದ.

ಹಿಂದೆ ಮುಳುಗಡೆಯಾದ ಊರಿನ ಹಿರಿಯರನ್ನು ಕೇಳಿ ನೋಡ್ರಿ. ಒಂದೇ ಸಲ ಬಂದ ರೊಕ್ಕ ಎಷ್ಟು ಬೇಗ ಹೋಗ್ತದ ಅಂತ ಅವರು ಹೇಳ್ತಾರೆ. ಹೊಲ ವರ್ಷಾ ಬೆಳೀತಿತ್ತು, ರೊಕ್ಕ ಬೆಳೀಲಿಲ್ಲ. ಆಲಮಟ್ಟಿಯಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲೋದು 26 ಗೇಟುಗಳಿರೋದರಿಂದ. ಮಳೆಗಾಲದಲ್ಲಿ ಬಂದದ್ದು ಬೇಸಿಗೆಯಲ್ಲಿ ಕಾಲುವೆಗೆ ಹೋಗ್ತದ. ಗೇಟಿಲ್ಲದ ಮನೆಗೆ ಎಷ್ಟು ಬಂದರೂ ನದಿಯೇ.

ಸರಿ, ಏನು ಮಾಡೋದು? ಒಂದು ನೂರು ಪುಟದ ನೋಟ್‌ಬುಕ್ ತಗೊಳ್ರಿ. ಈ ವಾರ ಒಂದು ಸಂಜೆ ಅಪ್ಪ ಅವ್ವನ ಜೊತೆ, ಮದುವೆಯಾದವರು ಹೆಂಡತಿ ಗಂಡನ ಜೊತೆ, ಬಾಗಿಲು ಹಾಕಿಕೊಂಡು ಕೂಡ್ರಿ. ಆ ವಿಧವೆಯೂ ಬಾಗಿಲು ಹಾಕಿಕೊಂಡಳಲ್ಲಾ! ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಎಲ್ಲಾ ಬರೀರಿ. ಕಿರಾಣಿ ಅಂಗಡಿ ಉದ್ರಿ ಕೂಡ. ಮೊದಲ ಸಂಜೆ ಜಗಳ ಆಗ್ತದ. ಆಗಲಿ.

ಬರೆದ ಮೇಲೆ ಹೆಚ್ಚು ಬಡ್ಡಿಯ ಸಾಲ ಮೊದಲು ತೀರಿಸ್ರಿ. ನೂರಕ್ಕೆ ಮೂರರಂತೆ 40 ಸಾವಿರ ಇದ್ದರೆ ತಿಂಗಳಿಗೆ 1,200 ಬರೀ ಬಡ್ಡಿ, ಅಸಲು ಒಂದು ರೂಪಾಯಿ ಕಡಿಮೆ ಆಗೋದಿಲ್ಲ. ಅದೇ ಸಾಲ ಬ್ಯಾಂಕಿನಲ್ಲಿ ಬಂಗಾರ ಇಟ್ಟು ನೂರಕ್ಕೆ ಒಂದಕ್ಕೆ ಸಿಕ್ಕರೆ 400. ವರ್ಷಕ್ಕೆ 9,600 ಉಳಿತು. ಬಂಗಾರ ಪೆಟ್ಟಿಗೆಯಲ್ಲಿಟ್ಟು ಬಡ್ಡಿ ಕಟ್ಟೋದು ಜಾಣತನ ಅಲ್ಲ. ಆದರೆ ಹೊಸ ಸಾಲದಿಂದ ಹಳೇದು ತೀರಿಸಿ, ಆಮೇಲೆ ಮತ್ತೆ ಹಳೇ ಬಾಗಿಲಿಗೆ ಹೋಗಬಾರದು.

ಮೈಕ್ರೋ ಫೈನಾನ್ಸ್ ಗುಂಪಿನಲ್ಲಿ ಅವ್ವ, ಅತ್ತೆ ಇದ್ದರೆ ಇದು ತಿಳಿದಿರಲಿ: ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಮೈಕ್ರೋ ಸಾಲ ಕೊಡಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಐತಿ. ಬಲವಂತದ ವಸೂಲಿ ತಡೆಯೋಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೂ ತಂದಿತು. ಮನೆ ಮುಂದೆ ಬಂದು ಅವಮಾನ ಮಾಡಿದರೆ ಹೆದರಿ ತಪ್ಪು ಹೆಜ್ಜೆ ಇಡಬೇಡ್ರಿ. ಪೊಲೀಸ್ ಠಾಣೆಗೆ ಹೋಗೋಣ, ನಾನು ಜೊತೆಗೆ ಬರ್ತೀನಿ. ರಾತ್ರಿ ಹನ್ನೆರಡಕ್ಕೂ ಫೋನ್ ಮಾಡ್ರಿ. ಇದು ಮಾತಿಗೆ ಹೇಳ್ತಿರೋದಲ್ಲ.

ಸಾಲ ಇಳಿದ ಮೇಲೆ ಗುರಿ ಬರೀರಿ. ‘ಕರ್ತನೇ, ಆಶೀರ್ವದಿಸು’ ಅನ್ನೋದು ಪ್ರಾರ್ಥನೆ, ಅದು ಗುರಿ ಅಲ್ಲ. ಲೂಕ 14:28ರಲ್ಲಿ ಗೋಪುರ ಕಟ್ಟೋನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು ಅಂತ ಕರ್ತನೇ ಹೇಳಿದ್ದಾನೆ. ಮನೆ ಖರ್ಚು ತಿಂಗಳಿಗೆ 15 ಸಾವಿರ ಅಂದರೆ ಮೂರು ತಿಂಗಳಿಗೆ 45 ಸಾವಿರ. ತಿಂಗಳಿಗೆ 2,500 ಇಟ್ಟರೆ ಹದಿನೆಂಟು ತಿಂಗಳು. ಆ ತಾರೀಕು ನೋಟ್‌ಬುಕ್ಕಿನಲ್ಲಿ ಬರೀರಿ. ಕೂಡಗಿ ಕಡೆ ಗುತ್ತಿಗೆ ಕೆಲಸ ಮಾಡೋರಿಗೆ ಇದು ಇನ್ನೂ ಜರೂರು, ಗುತ್ತಿಗೆ ಯಾವಾಗ ಮುಗೀತದ ಅಂತ ನಿಮಗೇ ಗೊತ್ತಿರೋದಿಲ್ಲ. 2,500 ಆಗದವರು ಅಂಚೆ ಕಚೇರಿಯಲ್ಲಿ ತಿಂಗಳಿಗೆ ನೂರು ರೂಪಾಯಿಯ ಆರ್‌ಡಿ ಶುರು ಮಾಡ್ರಿ. ಬೈಕ್ ಓಡಿಸೋರು ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಮಾಡಿಸ್ರಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ಒಂದು ಮಿರ್ಚಿ ಭಜಿ ಪ್ಲೇಟ್ ಬಿಟ್ಟರೆ ಸಾಕು.

ಪರಿಹಾರ ಬಂದವರು ಎಲ್ಲಾ ಒಂದೇ ಕಡೆ ಇಡಬೇಡ್ರಿ. ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಐದು ಲಕ್ಷದವರೆಗೆ ವಿಮೆ ಐತಿ. ಪತ್ತಿನ ಸಹಕಾರ ಸಂಘಕ್ಕೆ ಆ ವಿಮೆ ಇಲ್ಲ, ಬಡ್ಡಿ ಒಂದು ರೂಪಾಯಿ ಜಾಸ್ತಿ ಕೊಟ್ಟರೂ ಇಲ್ಲ.

ಆ ಮನೆಯಲ್ಲಿ ಪಾತ್ರೆ ಹೊತ್ತು ತಂದು ಕೊಟ್ಟವರು ಇಬ್ಬರು ಹುಡುಗರು. ತಾಯಿ ಸುರಿದಳು, ಅವರು ತಂದರು. ಮುಂದಿನ ಭಾನುವಾರ ಕೂಟ ಮುಗಿದ ಮೇಲೆ ನೋಟ್‌ಬುಕ್ ತರ್ರಿ. ನನಗೆ ತೋರಿಸೋದು ಬೇಡ, ಮೊತ್ತ ಕೇಳೋದಿಲ್ಲ. ಲೆಕ್ಕ ಬರೋದಿಲ್ಲ ಅನ್ನೋರ ಪಕ್ಕ ನಮ್ಮ ಬಿಕಾಂ ಓದಿದ ಅಕ್ಕಂದಿರು ಕೂಡ್ತಾರೆ. ಈಗ ಎದ್ದು ನಿಲ್ಲೋಣ. ಮನೆಯಲ್ಲಿ ಯಾರಿಗೂ ಹೇಳದ ಸಾಲ ಇರೋರು ಕೈ ಎತ್ತೋದು ಬೇಡ, ನಿಂತಲ್ಲೇ ಕಣ್ಣು ಮುಚ್ಚಿ, ಇವತ್ತು ರಾತ್ರಿ ಯಾರಿಗೆ ಹೇಳಬೇಕೋ ಅವರ ಹೆಸರು ಕರ್ತನ ಮುಂದೆ ಹೇಳ್ರಿ.