ದೂರದ ಬೇಟೆಗೆ ಯಾವ ಸ್ಕೋಪ್? ಹತ್ತು ಸೂತ್ರಗಳು

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಈ ಸೂತ್ರಗಳು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಲೈಸೆನ್ಸ್ ಪಡೆದು ಬೇಟೆಗೆ ಹೊರಡುವ ಕನ್ನಡಿಗರಿಗಾಗಿ. ವಯೋಮಿಂಗ್‌ನ ಬಯಲಿನಲ್ಲಿ ಪ್ರಾಂಗ್‌ಹಾರ್ನ್, ಕೊಲರಾಡೊದ ಬೆಟ್ಟಗಳಲ್ಲಿ ಎಲ್ಕ್ 300 ಗಜದಾಚೆ ಕಾಣಿಸಿಕೊಳ್ಳುವುದು ಅಪರೂಪವಲ್ಲ. ಅಷ್ಟು ದೂರದಲ್ಲಿ ಗುರಿ ಒಂದು ಗೇಣು ಆಚೀಚೆಯಾದರೂ ಪ್ರಾಣಿ ಗಾಯಗೊಂಡು ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಹಾಗಾಗಿ ಸ್ಕೋಪ್ ಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮೊದಲ ಗುಂಡಿಗೇ ಪ್ರಾಣಿ ಬೀಳಲು ಇದು ನೆರವಾಗುತ್ತದೆಯೇ?

1. ಮೊದಲು ನಿಮ್ಮ ದೂರ ಗೊತ್ತು ಮಾಡಿಕೊಳ್ಳಿ
ಪ್ರಾಂಗ್‌ಹಾರ್ನ್‌ನ ಹೃದಯ, ಶ್ವಾಸಕೋಶಗಳಿರುವ ಜಾಗ ಸುಮಾರು 8 ಇಂಚು ಅಗಲ. ಅಷ್ಟೇ ಅಗಲದ ತಟ್ಟೆಯೊಂದನ್ನು ನಿಲ್ಲಿಸಿ, ಕಾಡಿನಲ್ಲಿ ಹೇಗೆ ಕೂರುತ್ತೀರೋ ಹಾಗೆಯೇ ಕೂತು ಹೊಡೆಯಿರಿ. ಪ್ರತಿ ಸಲವೂ ಮೊದಲ ಗುಂಡು ತಟ್ಟೆಗೆ ಬೀಳುವ ಅತಿ ಹೆಚ್ಚಿನ ದೂರವೇ ನಿಮ್ಮ ಮಿತಿ. ಅದು 300 ಗಜವಾದರೆ 300 ಗಜಕ್ಕೆ ಒಪ್ಪುವ ಸ್ಕೋಪ್ ಕೊಳ್ಳಿ. ದುಬಾರಿ ಮಸೂರ ನಿಮ್ಮ ಮಿತಿಯನ್ನು ಒಂದು ಗಜವೂ ಮುಂದಕ್ಕೆ ತಳ್ಳುವುದಿಲ್ಲ.

2. ಪವರ್‌ನ ಆಸೆ ಹಿಡಿತದಲ್ಲಿರಲಿ
10 ಪಟ್ಟು ಹಿಗ್ಗಿಸಿದರೆ 500 ಗಜ ದೂರದ ಪ್ರಾಣಿ 50 ಗಜದಲ್ಲಿ ನಿಂತಂತೆ ಕಾಣುತ್ತದೆ. ಬೇಟೆಗೆ 3ರಿಂದ 15 ಪಟ್ಟಿನ ಸ್ಕೋಪ್ ಧಾರಾಳ. ಪವರ್ ಹೆಚ್ಚಿದಷ್ಟೂ ನೋಟದ ಅಗಲ ಕುಗ್ಗುತ್ತದೆ, ಬಿಸಿಲಿನ ಝಳ ಕುಣಿಯುತ್ತದೆ, ಗುಂಡು ಹಾರಿದ ಮೇಲೆ ಪ್ರಾಣಿ ಎತ್ತ ಹೋಯಿತೆಂದೇ ತಿಳಿಯುವುದಿಲ್ಲ. ನಡೆಯುವಾಗ ಪವರ್ ಕೆಳಗಿಳಿಸಿಕೊಂಡಿರಿ. ಮರಗಳ ಮರೆಯಿಂದ 40 ಗಜದಲ್ಲೇ ಎಲ್ಕ್ ಎದುರಾಗಬಹುದು.

3. ಬೆಳಕಿನ ಲೆಕ್ಕ ಕಲಿಯಿರಿ
ಕೊಲರಾಡೊ, ವಯೋಮಿಂಗ್‌ಗಳಲ್ಲಿ ದೊಡ್ಡ ಪ್ರಾಣಿಗಳ ಬೇಟೆಗೆ ಸೂರ್ಯೋದಯದ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಅವಕಾಶ. ಪ್ರಾಣಿಗಳು ಮೇಯಲು ಹೊರಬರುವುದೂ ಆ ಮಬ್ಬು ಬೆಳಕಿನಲ್ಲೇ. ಮುಂದಿನ ಮಸೂರದ ಮಿಲಿಮೀಟರ್ ಅಳತೆಯನ್ನು ಪವರ್‌ನಿಂದ ಭಾಗಿಸಿ: 50 ಮಿ.ಮೀ. ಮಸೂರ 10 ಪಟ್ಟಿನಲ್ಲಿದ್ದರೆ ಕಣ್ಣಿಗೆ ಬೀಳುವ ಬೆಳಕಿನ ವೃತ್ತ 5 ಮಿ.ಮೀ., 20 ಪಟ್ಟಿನಲ್ಲಿ ಬರೀ 2.5. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ.ವರೆಗೆ ಅರಳುತ್ತದೆ, ವಯಸ್ಸಾದಂತೆ ಸುಮಾರು 5ಕ್ಕೆ ಇಳಿಯುತ್ತದೆ. ಆದ್ದರಿಂದ ಮುಸ್ಸಂಜೆಯಲ್ಲಿ ಪವರ್ ಇಳಿಸಿದರೆ ನೋಟ ಬೆಳಗುತ್ತದೆ. 44 ಅಥವಾ 50 ಮಿ.ಮೀ. ಮಸೂರ ಸಾಕು, ಅದಕ್ಕಿಂತ ದೊಡ್ಡದು ಭಾರ, ಬಂದೂಕಿನ ಮೇಲೆ ಎತ್ತರಕ್ಕೂ ಕೂರುತ್ತದೆ. ಕೊಳ್ಳುವ ಮುನ್ನ ಅಂಗಡಿಯವರನ್ನು ಕೇಳಿ ಸಂಜೆ ಹೊರಗೆ ಬಂದು ಮರದ ನೆರಳಿನೊಳಗೆ ನೋಡಿ. ಟ್ಯೂಬ್‌ಲೈಟ್ ಕೆಳಗೆ ಎಲ್ಲ ಮಸೂರಗಳೂ ಚೆನ್ನಾಗಿಯೇ ಕಾಣುತ್ತವೆ.

4. ರೆಟಿಕಲ್ ಅರ್ಥಮಾಡಿಕೊಂಡು ಆರಿಸಿ
ಫಸ್ಟ್ ಫೋಕಲ್ ಪ್ಲೇನ್ ಸ್ಕೋಪಿನಲ್ಲಿ ಪವರ್ ಜೊತೆಗೆ ರೆಟಿಕಲ್, ಅಂದರೆ ಗುರಿ ಹಿಡಿಯುವ ಗೆರೆಗಳೂ ಹಿಗ್ಗುತ್ತವೆ, ಹಾಗಾಗಿ ಅವುಗಳ ಅಳತೆ ಯಾವ ಪವರ್‌ನಲ್ಲೂ ಸರಿ. ಆದರೆ ಕಡಿಮೆ ಪವರ್‌ನಲ್ಲಿ ಗೆರೆ ಕೂದಲೆಳೆಯಷ್ಟಾಗಿ ಮಬ್ಬಿನಲ್ಲಿ ಮಾಯವಾಗಬಹುದು. ದೀಪವಿರುವ ರೆಟಿಕಲ್ ಆಗ ಕೈಹಿಡಿಯುತ್ತದೆ. ಸೆಕೆಂಡ್ ಫೋಕಲ್ ಪ್ಲೇನ್‌ನಲ್ಲಿ ಗೆರೆ ಸದಾ ಒಂದೇ ದಪ್ಪ, ಆದರೆ ಅಳತೆ ಸರಿಬರುವುದು ಒಂದು ನಿಗದಿತ ಪವರ್‌ನಲ್ಲಿ ಮಾತ್ರ. ಆ ಪವರ್ ಯಾವುದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ.

5. ಮಿಲ್ ಅಥವಾ ಎಂಒಎ, ಒಂದಕ್ಕೇ ಅಂಟಿಕೊಳ್ಳಿ
ಎರಡೂ ಕೋನ ಅಳೆಯುವ ಮಾನಗಳು. 100 ಮೀಟರಿನಲ್ಲಿ 0.1 ಮಿಲ್ ಕ್ಲಿಕ್ ಎಂದರೆ 1 ಸೆಂಟಿಮೀಟರ್. 100 ಗಜದಲ್ಲಿ ಕಾಲು ಎಂಒಎ ಎಂದರೆ ಸುಮಾರು ಕಾಲು ಇಂಚು. ಮೀಟರ್ ಲೆಕ್ಕದಲ್ಲೇ ಓದಿ ಬೆಳೆದ ನಮಗೆ ಮಿಲ್ ಸಲೀಸು. ಯಾವುದನ್ನೇ ಆರಿಸಿ, ಗುರಿ ಹೊಂದಿಸಲು ತಿರುಗಿಸುವ ಟರೆಟ್ ಮತ್ತು ಕಾಣುವ ರೆಟಿಕಲ್ ಎರಡೂ ಒಂದೇ ಅಳತೆಯಲ್ಲಿರಲಿ.

6. ಟರೆಟ್ಟನ್ನು ಪರೀಕ್ಷೆಗೆ ಒಡ್ಡಿ
ದೂರದ ಗುರಿಯ ಸ್ಕೋಪಿಗೆ ಇದೇ ನಿಜವಾದ ಒರೆಗಲ್ಲು. 100 ಮೀಟರ್ ದೂರದಲ್ಲಿ ಎತ್ತರದ ಹಲಗೆ ನಿಲ್ಲಿಸಿ, ತೂಗುಗುಂಡು ಹಿಡಿದು ನೇರ ಗೆರೆ ಎಳೆಯಿರಿ. ಗೆರೆಯ ಬುಡಕ್ಕೆ ಗುರಿಯಿಟ್ಟು ಹೊಡೆಯಿರಿ. ಗುರಿ ಬದಲಿಸದೆ 10 ಮಿಲ್ ಮೇಲಕ್ಕೆ ತಿರುಗಿಸಿ ಮತ್ತೆ ಹೊಡೆಯಿರಿ. ಎರಡು ಸಲ ಬಿದ್ದ ಗುಂಡುಗಳ ನಡುವೆ ಸರಿಯಾಗಿ 1 ಮೀಟರ್ ಬರಬೇಕು. ಬಾರದಿದ್ದರೆ, ಅಥವಾ ಹಿಂದಕ್ಕೆ ತಿರುಗಿಸಿದಾಗ ಗುಂಡು ಮೊದಲ ಜಾಗಕ್ಕೆ ಮರಳದಿದ್ದರೆ, ಆ ಸ್ಕೋಪ್ ವಾಪಸ್ ಮಾಡಿ. ತಿರುಗಿಸಿದ್ದು ಹಳೆಯ ಜಾಗಕ್ಕೆ ಬಂದು ನಿಲ್ಲುವ ಝೀರೋ ಸ್ಟಾಪ್ ಇದ್ದರೆ ಮಬ್ಬುಗತ್ತಲಲ್ಲೂ ಲೆಕ್ಕ ತಪ್ಪುವುದಿಲ್ಲ.

7. ಪ್ಯಾರಲಾಕ್ಸ್ ಮರೆಯಬೇಡಿ
ಬಂದೂಕನ್ನು ಅಲುಗದಂತೆ ಊರಿ, ತಲೆಯನ್ನು ಮಾತ್ರ ಸ್ವಲ್ಪ ಆಚೀಚೆ ಸರಿಸಿ. ಗೆರೆ ಗುರಿಯ ಮೇಲೆ ಜಾರಿದಂತೆ ಕಂಡರೆ ಅದೇ ಪ್ಯಾರಲಾಕ್ಸ್; ಪಕ್ಕದ ಗುಬ್ಬಿ ತಿರುಗಿಸಿ ಸರಿಪಡಿಸಿ. 300 ಗಜದಾಚೆಯ ಬೇಟೆಗೆ ಈ ಸೌಲಭ್ಯವಿರುವ ಸ್ಕೋಪೇ ಬೇಕು.

8. ಹುಬ್ಬು ಕಾಪಾಡಿಕೊಳ್ಳಿ, ಸ್ಕೋಪ್ ಸರಿಯಾಗಿ ಕೂರಿಸಿ
ಕಣ್ಣಿಗೂ ಸ್ಕೋಪಿಗೂ ಕನಿಷ್ಠ 3.5 ಇಂಚು ಅಂತರ ಸಿಗಬೇಕು. ಒದೆತ ಜೋರಾಗಿರುವ ಮ್ಯಾಗ್ನಮ್ ರೈಫಲ್‌ಗಳಲ್ಲಿ ಇನ್ನೂ ಹೆಚ್ಚು, ಇಲ್ಲವಾದರೆ ಹುಬ್ಬು ಸೀಳುತ್ತದೆ. ಸ್ಕೋಪಿಗೆ ದುಡ್ಡು ಸುರಿದು ಮೌಂಟ್, ರಿಂಗ್‌ಗಳಲ್ಲಿ ಉಳಿಸಲು ಹೋಗಬೇಡಿ. ತಯಾರಕರು ಹೇಳಿದಷ್ಟೇ ಬಿಗಿಯಾಗಿ, ಟಾರ್ಕ್ ರೆಂಚ್‌ನಿಂದ ಸ್ಕ್ರೂ ಕೂರಿಸಿ. ಗೆರೆ ಓರೆಯಾಗಿದ್ದರೆ ದೂರ ಹೋದಂತೆ ಗುಂಡು ಪಕ್ಕಕ್ಕೆ ಸರಿಯುತ್ತದೆ. 34 ಮಿ.ಮೀ. ಕೊಳವೆ ಹೆಚ್ಚು ಬೆಳಕು ಕೊಡುತ್ತದೆಂಬ ಮಾತು ನಂಬಬೇಡಿ; ಅದರಿಂದ ಸಿಗುವುದು ಟರೆಟ್ ತಿರುಗಿಸಲು ಹೆಚ್ಚು ಅವಕಾಶ.

9. ಕಾನೂನು ಓದಿ
ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆಯ ಲೈಸೆನ್ಸ್ ಅದಕ್ಕಿರುವ ವಿನಾಯಿತಿಗಳಲ್ಲೊಂದು. ದೂರ ಅಳೆಯುವ ಎಲೆಕ್ಟ್ರಾನಿಕ್ ಸ್ಕೋಪ್‌ಗಳ ಮೇಲೆ ಐಡಾಹೊದಂಥ ರಾಜ್ಯಗಳು ನಿರ್ಬಂಧ ಹೇರಿವೆ. ಆಯಾ ವರ್ಷದ ನಿಯಮ ಓದದೆ ಹಣ ಕೊಡಬೇಡಿ. ರೈಫಲ್ ಸ್ಕೋಪ್‌ಗಳು ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿವೆ. ಊರಿನ ನೆಂಟರಿಗೆಂದು ಸೂಟ್‌ಕೇಸಿನಲ್ಲಿ ತರಬೇಡಿ.

10. ಸ್ಕೋಪ್ ಹೇಳದ್ದನ್ನು ನೀವು ಕಲಿಯಿರಿ
ಬೆಟ್ಟದಲ್ಲಿ ಹುಡುಕಾಟಕ್ಕೆ ಬೈನಾಕ್ಯುಲರ್ ಬಳಸಿ. ಸ್ಕೋಪಿನಲ್ಲಿ ಇಣುಕುವುದೆಂದರೆ ಎದುರಿನ ಅಪರಿಚಿತನತ್ತ ಬಂದೂಕು ತೋರಿಸಿದಂತೆಯೇ. ಇನ್ನು ಗಾಳಿ: ಗಂಟೆಗೆ 10 ಮೈಲಿಯ ಅಡ್ಡಗಾಳಿ 6.5 ಕ್ರೀಡ್‌ಮೋರ್ ಗುಂಡನ್ನು 400 ಗಜದಲ್ಲಿ ಹೆಚ್ಚುಕಡಿಮೆ ಒಂದು ಗೇಣು ಪಕ್ಕಕ್ಕೆ ಒಯ್ಯುತ್ತದೆ. ಹುಲ್ಲಿನ ಅಲುಗಾಟ ನೋಡಿ ಅದನ್ನು ಅಂದಾಜಿಸುವುದು ಅಭ್ಯಾಸದಿಂದಲೇ ಬರಬೇಕು. ಅದಕ್ಕೇ ಬಜೆಟ್ಟಿನ ಒಂದು ಪಾಲನ್ನು ಅಭ್ಯಾಸದ ಗುಂಡುಗಳಿಗೆ ಎತ್ತಿಡಿ. ಗಾಳಿಯ ಅಂದಾಜು ಸಿಗದಿದ್ದರೆ ಹತ್ತಿರ ಹೋಗಿ. ಹೋಗಲಾಗದಿದ್ದರೆ ಟ್ರಿಗರ್‌ನಿಂದ ಬೆರಳು ತೆಗೆಯಿರಿ. ಆ ಪ್ರಾಣಿಗೆ ನೀವು ಸಲ್ಲಿಸಬೇಕಾದ ಗೌರವ ಅದು.