ದುಬೈ–ಮಂಗಳೂರು: ವಾಯುದೂರ, ಹಾರಾಟದ ಅವಧಿ, ಗಡಿಯಾರದ ಲೆಕ್ಕ

ದುಬೈನ ಅಲ್ ಕೂಜ್ ಕೈಗಾರಿಕಾ ಪ್ರದೇಶದ ವರ್ಕ್‌ಶಾಪು, ಗೋದಾಮುಗಳಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಈ ಲೆಕ್ಕ ಬಾಯಿಪಾಠ. ಪರೀಕ್ಷೆ ಬರೆಯುವ ಅಭ್ಯರ್ಥಿಗಳು ಎಡವುವುದೂ ಇಲ್ಲೇ.

ದುಬೈನಿಂದ ಮಂಗಳೂರಿಗೆ ವಾಯುದೂರ ಸುಮಾರು 2,460 ಕಿ.ಮೀ., ಬೆಂಗಳೂರಿಗೆ ಸುಮಾರು 2,700 ಕಿ.ಮೀ. ಇದನ್ನು ಭೂಮಿಯ ಮಹಾವೃತ್ತದ ಗುಂಟ ಅಳೆಯುತ್ತಾರೆ. ಗೋಳದ ಮೇಲೆ ಅತಿ ಹತ್ತಿರದ ದಾರಿ ಅದೇ. ಗಂಟೆಗೆ 850 ಕಿ.ಮೀ. ವೇಗದಲ್ಲಿ ಮಂಗಳೂರಿಗೆ 2 ಗಂಟೆ 54 ನಿಮಿಷ ಸಾಕು. ಆದರೆ ಏರುವ, ಇಳಿಯುವ ಹೊತ್ತೂ ಸೇರಿ ಮೂರೂಕಾಲು ಗಂಟೆಯಾದರೂ ಹಿಡಿಯುತ್ತದೆ.

ಮುಖ್ಯ ಅಂಶ ಕಾಲವಲಯ. ಯುಎಇಯ ಸಮಯ ಗ್ರೀನಿಚ್‌ಗಿಂತ 4 ಗಂಟೆ ಮುಂದೆ (60° ಪೂರ್ವ ರೇಖಾಂಶ), ಭಾರತದ್ದು 5.30 ಗಂಟೆ ಮುಂದೆ (82.5° ಪೂರ್ವ). ವ್ಯತ್ಯಾಸ 22.5°, ಪ್ರತಿ ಡಿಗ್ರಿಗೆ 4 ನಿಮಿಷದಂತೆ 90 ನಿಮಿಷ. ರಾತ್ರಿ 11.30ಕ್ಕೆ ದುಬೈ ಬಿಟ್ಟು ಮೂರೂವರೆ ಗಂಟೆ ಹಾರಿದರೆ ಮಂಗಳೂರಿನಲ್ಲಿ ಬೆಳಗಿನ ಜಾವ 4.30. ಟಿಕೆಟ್‌ನ ಎರಡು ಸಮಯಗಳನ್ನು ನೇರವಾಗಿ ಕಳೆದು 5 ಗಂಟೆ ಎಂದು ಬರೆದರೆ ಅಂಕ ಹೋಯಿತು.

  

ಚಳಿಗಾಲದಲ್ಲಿ ಮೇಲ್ವಾಯುಮಂಡಲದ ಪಶ್ಚಿಮ ಮಾರುತಗಳು ಬಲವಾಗಿರುವುದರಿಂದ ದುಬೈಗೆ ಮರಳುವ ಹಾರಾಟ ಸಾಮಾನ್ಯವಾಗಿ ಹೆಚ್ಚು ಹೊತ್ತು ಹಿಡಿಯುತ್ತದೆ.