ಎರಡೇ ರೇಸಿನ ಜಿಮ್ ರೋಪರ್

ಪ್ರಶ್ನೆ: ಅಮೆರಿಕದ ನ್ಯಾಸ್ಕಾರ್ ಸ್ಟಾಕ್ ಕಾರ್ ಸರಣಿಯ ಮೊಟ್ಟಮೊದಲ ರೇಸ್ ಗೆದ್ದವರು ಆಮೇಲೆ ಇನ್ನೊಂದೇ ರೇಸಿಗೆ ನಿಂತುಬಿಟ್ಟರಂತೆ. ನಿಜವೇ?

ಉತ್ತರ: ನಿಜ. ಅವರು ಕಾನ್ಸಾಸ್ ರಾಜ್ಯದ ಹಾಲ್‌ಸ್ಟೆಡ್ ಊರಿನ ಜಿಮ್ ರೋಪರ್. ತಮಾಷೆಯೆಂದರೆ, ಅಂದು ಗೆರೆ ಮೊದಲು ದಾಟಿದ್ದು ಅವರಲ್ಲ.

1949ರ ಜೂನ್ 19ರಂದು ನಾರ್ತ್ ಕ್ಯಾರೊಲಿನಾದ ಷಾರ್ಲೆಟ್‌ನಲ್ಲಿ ಆ ರೇಸ್ ನಡೆಯಿತು. ಮುಕ್ಕಾಲು ಮೈಲಿಯ ಮಣ್ಣಿನ ಟ್ರ್ಯಾಕು, 200 ಸುತ್ತು, 33 ಕಾರು. ಷೋರೂಮಿನಲ್ಲಿ ಕಾರು ಹೇಗಿತ್ತೋ ಹಾಗೆಯೇ ಓಡಬೇಕೆಂಬುದು ನಿಯಮ. ರೋಪರ್‌ಗೆ ಇದರ ಸುಳಿವು ಸಿಕ್ಕಿದ್ದು 'ಸ್ಮೈಲಿನ್ ಜ್ಯಾಕ್' ಎಂಬ ಪತ್ರಿಕಾ ಕಾಮಿಕ್ಸಿನಲ್ಲಿ! ಅದನ್ನು ಬರೆಯುತ್ತಿದ್ದ ಝ್ಯಾಕ್ ಮೋಸ್ಲಿ ರೇಸಿನ ಸುದ್ದಿಯನ್ನು ಚಿತ್ರಕಥೆಯೊಳಗೇ ಸೇರಿಸಿದ್ದರು. ರೋಪರ್ ಸಾವಿರ ಮೈಲಿ ದೂರದಿಂದ ಲಿಂಕನ್ ಕಾರು ಓಡಿಸಿಕೊಂಡು ಬಂದು, ಅದನ್ನೇ ಟ್ರ್ಯಾಕಿಗಿಳಿಸಿದರು.

ಕೊನೆಗೆ ಮುಂದಿದ್ದವರು ಫೋರ್ಡ್ ಓಡಿಸಿದ ಗ್ಲೆನ್ ಡನವೇ. ರೋಪರ್ ಮೂರು ಸುತ್ತು ಹಿಂದೆ. ಆದರೆ ತಪಾಸಣೆಯಲ್ಲಿ ಫೋರ್ಡಿನ ಹಿಂಬದಿಯ ಸ್ಪ್ರಿಂಗುಗಳನ್ನು ತಿದ್ದಿರುವುದು ಸಿಕ್ಕಿಬಿತ್ತು. ಇದು ಕಳ್ಳಭಟ್ಟಿ ಸಾಗಿಸುವವರ ಕೈಚಳಕ: ಡಿಕ್ಕಿ ತುಂಬ ಸಾರಾಯಿ ಹೇರಿದರೂ ಕಾರಿನ ಹಿಂಭಾಗ ತಗ್ಗುವುದಿಲ್ಲ, ಪೊಲೀಸರಿಗೆ ಅನುಮಾನ ಬರುವುದಿಲ್ಲ. ಖಾಲಿ ಕಾರಾದರೆ ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಡನವೇ ಅನರ್ಹರಾದರು, ಗೆಲುವೂ 2,000 ಡಾಲರೂ ರೋಪರ್ ಪಾಲಾದವು. ಅವರ ಎಂಜಿನ್ನನ್ನೂ ಬಿಚ್ಚಿ ನೋಡಿದರೆನ್ನಿ. ಫೋರ್ಡಿನ ಮಾಲೀಕ ಹ್ಯೂಬರ್ಟ್ ವೆಸ್ಟ್‌ಮೋರ್ಲೆಂಡ್ 10,000 ಡಾಲರ್ ಪರಿಹಾರ ಕೇಳಿ ಕೋರ್ಟಿಗೆ ಹೋದರೂ ದಾವೆ ವಜಾ ಆಯಿತು. ನನ್ನ ಮಟ್ಟಿಗೆ, ರೋಪರ್ ಗೆಲುವಿಗಿಂತ ಈ ತೀರ್ಪೇ ದೊಡ್ಡದು. ನಿಯಮ ಮುರಿದವರನ್ನು ಹೊರಗಿಡುವ ಹಕ್ಕು ಎಳೆಯ ಸಂಸ್ಥೆಗೆ ಗಟ್ಟಿಯಾಗಿ ದಕ್ಕಿತು.

ಆಗಸ್ಟ್‌ನಲ್ಲಿ ಹಿಲ್ಸ್‌ಬರೊದಲ್ಲಿ ರೋಪರ್ ಮತ್ತೊಮ್ಮೆ ಓಡಿಸಿ 15ನೆಯವರಾದರು. ನ್ಯಾಸ್ಕಾರಿನ ನಂಟು ಅಲ್ಲಿಗೇ ಮುಗಿಯಿತು. ಹಾಗೆಂದು ಅವರು ರೇಸನ್ನೇ ಬಿಟ್ಟರೆಂದಲ್ಲ. ನ್ಯಾಸ್ಕಾರ್ ಆಗಿನ್ನೂ ಹೆಚ್ಚಾಗಿ ಆಗ್ನೇಯ ರಾಜ್ಯಗಳ ಸಂಗತಿ. ಕಾನ್ಸಾಸ್ ಕಡೆ ಮಿಜೆಟ್, ಸ್ಪ್ರಿಂಟ್ ಕಾರುಗಳ ರೇಸಿಗೆ ಬರವಿರಲಿಲ್ಲ. ರೋಪರ್ ಅವುಗಳಲ್ಲೇ ಮುಂದುವರಿದು, 1955ರಲ್ಲಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದ ಮೇಲೆ ಸ್ಟಿಯರಿಂಗ್ ಬಿಟ್ಟರು. 2000ದಲ್ಲಿ ತೀರಿಕೊಂಡರು.